ಬೆಕ್ಕಿನ ಚಿಗಟಕ್ಕೆ ಪುಡಿಯೋ, ಪಟ್ಟಿಯೋ, ಹನಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುತ್ತಿಗೆಗೆ ಬಿಡುವ ಫಿಪ್ರೊನಿಲ್ ಎಂಬ ಚಿಗಟದ ಔಷಧಿಯ ಹನಿಗೆ. ಪುಡಿ, ಕೊರಳಪಟ್ಟಿ ಎರಡನ್ನೂ ನೋಡಿ ಆಯಿತು.

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ನಮ್ಮ ಬೆಕ್ಕು ಬಚ್ಚಲೊಲೆ ಬದಿಯಿಂದ ಏಳುವುದೇ ಇಲ್ಲ. ಚಿಗಟಕ್ಕೂ ಅಂಥ ಬೆಚ್ಚಗಿನ ಜಾಗವೇ ಬೇಕು. ಬಾಲದ ಬುಡದಲ್ಲಿ ಕೈಯಾಡಿಸಿದರೆ ರಾಗಿಕಾಳಿನಂಥ ಹಕ್ಕಳೆ ಸಿಕ್ಕವು. ಬಾಚಿದಾಗ ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿದೆ, ಕೆಂಪಗೆ ಹರಡಿತು. ಚಿಗಟದ ಹಿಕ್ಕೆ ಅದು, ಅಂದರೆ ಬೆಕ್ಕಿನದೇ ರಕ್ತ. ಗುಂಡಗೆ ರೋಮ ಉದುರಿ ಹೊಟ್ಟು ಎದ್ದಿದ್ದರೆ ಮಾತ್ರ ಕಥೆ ಬೇರೆ. ಹುಳುಕಡ್ಡಿ ಇರಬಹುದು, ನಮಗೂ ಅಂಟುತ್ತದೆ. ಸೀದಾ ಪಶು ಡಾಕ್ಟರ ಹತ್ತಿರ ಹೋಗಿ.

ಪುಡಿ ಅಗ್ಗ. ಆದರೆ ಬೆಕ್ಕು ಮೈ ನೆಕ್ಕುತ್ತಲೇ ಇರುತ್ತದೆ, ಹಾಕಿದ್ದೆಲ್ಲ ಹೊಟ್ಟೆಗೆ. ಅಂಗಡಿಯವನು ನಾಯಿಯದ್ದನ್ನೇ ಕೊಟ್ಟು "ಅರ್ಧ ಹಾಕಿ, ಸಾಕು" ಅಂದ. ಡಬ್ಬಿ ತಿರುಗಿಸಿದರೆ ಪರ್ಮೆಥ್ರಿನ್ ಎಂಬ ಕೀಟನಾಶಕ! ನಾಯಿ ಅದನ್ನು ತಡೆದುಕೊಳ್ಳುತ್ತದೆ, ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ವಾಪಸ್ ಕೊಟ್ಟು ಬೆಕ್ಕಿನದೇ ತರಿಸಿದೆ. ಒಂದು ಮಳೆಗೆ ತೊಳೆದುಹೋಯಿತು.

ಪಟ್ಟಿ ತಿಂಗಳುಗಟ್ಟಲೆ ಬಾಳುತ್ತದೆ, ಮನೆಯೊಳಗಿನ ಬೆಕ್ಕಿಗೆ ಸರಿ. ನಮ್ಮದು ಬೇಲಿ ನುಸಿಯುವ ಜಾತಿ. ಬರಿ ಕೊರಳಲ್ಲಿ ಬಂತು, ದುಡ್ಡು ತೋಟದ ಪಾಲು.

ಇನ್ನು ಹನಿ. ತಲೆನೋವು ಇದರಲ್ಲೂ ಇದೆ. ಔಷಧಿ ಚರ್ಮಕ್ಕೆ ತಾಗಬೇಕು, ರೋಮಕ್ಕಲ್ಲ. ಅದೂ ನಾಲಿಗೆ ಮುಟ್ಟದ ಕತ್ತಿನ ಹಿಂಬದಿಗೆ. ಅಮ್ಮ ಹಳೇ ಟವೆಲ್‌ನಲ್ಲಿ ಸುತ್ತಿ ಹಿಡಿಯುತ್ತಾರೆ, ನಾನು ಎರಡು ಬೆರಳಲ್ಲಿ ರೋಮ ಬಿಡಿಸುತ್ತೇನೆ. ಬಿಳಿ ಚರ್ಮ ಕಂಡಿತು ಅನ್ನುವಷ್ಟರಲ್ಲಿ ಕೊಸರಾಡಿ ತಲೆ ಕೊಡವುತ್ತದೆ. ಹನಿ ಪಕ್ಕಕ್ಕೆ ಇಳಿಯುತ್ತದೆ. ಅದನ್ನು ನೆಕ್ಕಿ, ಕಹಿಗೆ ಬಾಯಲ್ಲಿ ನೊರೆ. ಮೊದಲ ಸಲ ಅಮ್ಮ ಹೆದರಿ ಟವೆಲ್ಲೇ ಬಿಟ್ಟುಬಿಟ್ಟರು!

ಜೊತೆಗೆ, ಹನಿ ಹಾಕುವ ಮುಂಚೆಯೂ ಹಾಕಿದ ಮೇಲೂ 48 ಗಂಟೆ ಬೆಕ್ಕು ನೆನೆಯಬಾರದು. ಆಷಾಢದಲ್ಲಿ ಇದನ್ನು ಬೆಕ್ಕಿಗೆ ಹೇಳುವವರು ಯಾರು? ಉಗ್ರಾಣದಲ್ಲಿ ಕೂಡಿಹಾಕುತ್ತೇವೆ. ರಾತ್ರಿಯಿಡೀ ಅದರ ರಾಗ, ನಮಗೆ ನಿದ್ದೆ ಇಲ್ಲ.

ಆದರೂ ಇದೇ ಸೈ. ಉಣುಗಿಗೂ ಆಗುತ್ತದೆ, ಮಲೆನಾಡಲ್ಲಿ ಅದೂ ಬೇಕಲ್ವಾ? ತಿಂಗಳಿಗೊಂದು ಪಿಪೆಟ್ಟು, ಅಂದರೆ ಒಂದು ಸಲಕ್ಕಾಗುವ ಔಷಧಿಯ ಪುಟ್ಟ ಕೊಳವೆ. ಹಾಲಿನ ಲೆಕ್ಕ ಚುಕ್ತಾ ಮಾಡುವ ದಿನವೇ ಹಾಕಿಬಿಡುತ್ತೇನೆ, ಪಟ್ಟಿಯ ಹಾಗೆ ಒಟ್ಟಿಗೆ ದೊಡ್ಡ ಮೊತ್ತ ಬೀಳುವುದಿಲ್ಲ. ಒಂದೇ ತಿಂಗಳಿಗೆ ನಿಲ್ಲಿಸಬೇಡಿ. ಗೋಣಿಯಲ್ಲಿ, ನೆಲದ ಸಂದಿಯಲ್ಲಿ ಉಳಿದ ಗೂಡಿನಿಂದ ವಾರಗಟ್ಟಲೆ ಹೊಸ ಚಿಗಟ ಏಳುತ್ತಲೇ ಇರುತ್ತದೆ. ಮಲಗುವ ಗೋಣಿಯನ್ನು ಬಿಸಿನೀರಲ್ಲಿ ಕುದಿಸಿ.

ಎಂಟು ವಾರದೊಳಗಿನ ಮರಿಗೆ ಹನಿ ಬೇಡ. ಸಣ್ಣ ಹಲ್ಲಿನ ಬಾಚಣಿಗೆ, ಬಾಚಿ ಸಿಕ್ಕ ಚಿಗಟ ಮುಳುಗಿಸಲು ಪಕ್ಕದಲ್ಲಿ ಒಂದು ಬಟ್ಟಲು ಸೋಪಿನ ನೀರು, ಅಷ್ಟೇ.