ಚಪ್ಪರಕ್ಕೆ ಬೆಂಕಿಕಡ್ಡಿ: ವ್ಯಾನಿನ ಎಕ್ಸ್ಟ್ರಾ ಸಾಮಾನಿಗೆ ಇನ್ಶೂರೆನ್ಸ್, ಮೂರು ವರ್ಷದ ಅನುಭವ

ನಮ್ಮ ಈಕೋ ವ್ಯಾನಿನ ಎಡಗಡೆ ಒಂದು ಚಪ್ಪರ ಇದೆ. ಮಾರಿದವರು ಆನಿಂಗ್ ಅಂದರು, ಮನೆಯಲ್ಲಿ ಎಲ್ಲರಿಗೂ ಅದು ಚಪ್ಪರವೇ. ಹ್ಯಾಂಡಲ್ ಸಿಕ್ಕಿಸಿ ಹದಿನೆಂಟು ಸುತ್ತು ತಿರುಗಿಸಿದರೆ ಆರಡಿ ಈಚೆಗೆ ಬರುತ್ತದೆ. ಬೆಳಗ್ಗೆ ಐದೂವರೆಗೆ ಕುಟ್ಟದ ಹತ್ತಿರ ಗೆಳೆಯನ ತೋಟದಲ್ಲಿ ವ್ಯಾನಿನ ಬಾಗಿಲು ಸರಿಸಿ, ಅದರಡಿ ಕೂತು ಬೆಲ್ಲದ ಕಾಫಿ ಕುಡಿಯುವುದಕ್ಕೇ ನಾನು ಇಷ್ಟೆಲ್ಲ ದುಡ್ಡು ಸುರಿದಿದ್ದು. ಮಳೆ ಮೇಲೆ ಟಪಟಪ ಬೀಳುತ್ತಿರುತ್ತದೆ, ಅಂಚಿನಿಂದ ನೀರು ಒಂದೇ ಸಮ ಇಳಿಯುತ್ತಿರುತ್ತದೆ, ಕಾಲು ಮಾತ್ರ ಒದ್ದೆ. ಜಿಗಣೆ ಬಂದರೆ ಉಪ್ಪಿನ ಡಬ್ಬಿ ಕೈಗೆ ಸಿಗುವ ಹಾಗೆ ಇಟ್ಟಿರುತ್ತೇನೆ.

ಈ ವಿಮರ್ಶೆ ವ್ಯಾನಿನದಲ್ಲ. ಅದರ ಮೇಲೆ ಹೇರಿದ ಸಾಮಾನಿಗೆ ಮಾಡಿಸಿದ ಇನ್ಶೂರೆನ್ಸಿನದು. ಕಂಪನಿ ಹೆಸರು ಹೇಳುವುದಿಲ್ಲ. ನನ್ನ ಜಗಳ ಕಂಪನಿಗಿಂತ ಒಂದು ಬೆಂಕಿಕಡ್ಡಿಯ ಜೊತೆ ಜಾಸ್ತಿ.

2022ರ ಮಾರ್ಚ್‌ನಲ್ಲಿ ವ್ಯಾನ್ ತಗೊಂಡೆ, ಜೂನ್ ಹೊತ್ತಿಗೆ ಒಳಗಿನ ಕೆಲಸ ಮುಗಿಯಿತು. ಪಾಲಿಸಿಯಲ್ಲಿ ಬರುವುದು ಶೋರೂಮಿನಿಂದ ಹೊರಟಾಗಿದ್ದ ಗಾಡಿ ಮಾತ್ರ. ಆಮೇಲೆ ಹಾಕಿಸಿದ್ದನ್ನು ನಾವೇ ಹೇಳಿ ಸೇರಿಸಬೇಕು. ಹೇಳದಿದ್ದರೆ ಅದು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಏಜೆಂಟ್ ಅಣ್ಣ ಬಂದು ಫೋಟೋ ಹೊಡೆದುಕೊಂಡು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರ್ಪಡೆ, ಮಾಡಿಸಿದರು. ಅದರಲ್ಲಿ ಎರಡು ಖಾನೆ. ಕರೆಂಟಿನ ಸಾಮಾನು ಒಂದು ಕಡೆ: ಸೋಲಾರ್ ಪ್ಯಾನಲ್, ಲಿಥಿಯಂ ಬ್ಯಾಟರಿ, ಇನ್ವರ್ಟರ್, ಪುಟ್ಟ ಫ್ರಿಜ್, ಲೈಟು, ಒಟ್ಟು 80,000. ಇದಕ್ಕೆ ಬೆಲೆಯ 4% ಪ್ರೀಮಿಯಂ, ಅಂದರೆ 3,200, ಮೇಲೆ 18% ಜಿಎಸ್‌ಟಿ. ಕರೆಂಟಿಲ್ಲದ್ದು ಇನ್ನೊಂದು ಕಡೆ: ಚಪ್ಪರ, ಮಂಚ, ಅಡುಗೆ ಪೆಟ್ಟಿಗೆ, ಕ್ಯಾರಿಯರ್, 65,000. ಇದು ಗಾಡಿಯ ಬೆಲೆಗೇ ಸೇರಿಕೊಂಡು ಗಾಡಿಯ ರೇಟಿನಲ್ಲೇ ಹೋಗುತ್ತದೆ. ಎರಡೂ ಸೇರಿ ವರ್ಷಕ್ಕೆ ಆರು ಸಾವಿರದ ಆಸುಪಾಸು. ಎರಡು ಎಕರೆ ಕಾಫಿ ನಂಬಿಕೊಂಡವನಿಗೆ ಇದು ಸುಮ್ನೆ ಕೊಡುವ ದುಡ್ಡಲ್ಲ.

ಮೊದಲ ತಲೆನೋವು ಬಿಲ್ಲಿನದು. ಮಂಚ, ಪೆಟ್ಟಿಗೆ ಮಾಡಿದ ಬಡಗಿ ಲೆಕ್ಕ ಬರೆದುಕೊಟ್ಟಿದ್ದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ. ಕಂಪನಿ ಅದನ್ನು ಒಪ್ಪಲಿಲ್ಲ. ಪ್ಲೈವುಡ್ ಅಂಗಡಿಯ ಬಿಲ್ಲು, ಕೂಲಿಗೆ ಬಡಗಿಯ ಸಹಿ ಇರುವ ರಸೀದಿ, ಎರಡನ್ನೂ ಹೊಂದಿಸುವುದಕ್ಕೆ ಹದಿನೈದು ದಿನ ಓಡಾಡಿದೆ. ರೂಫ್ ಕೊರೆದು ಫ್ಯಾನ್ ಕೂರಿಸುವ ಆಸೆ ಇತ್ತು, ಬಿಟ್ಟೆ. ಆರ್‌ಸಿಯಲ್ಲಿ ಇದ್ದಂತೆ ಗಾಡಿ ಇರಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಹಾಗಾಗಿ ಸೀಟು ಕಿತ್ತಿಲ್ಲ, ಮಂಚ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ.

ಎರಡನೇದು ಸಿಟ್ಟು ಬರಿಸಿದ ವಿಷಯ. 2023ರಲ್ಲಿ ಆನ್‌ಲೈನ್ ರಿನ್ಯೂವಲ್ ಮಾಡುವಾಗ ಪ್ರೀಮಿಯಂ ತುಂಬಾ ಕಮ್ಮಿ ತೋರಿಸಿತು. ಖುಷಿಯಿಂದ ದುಡ್ಡು ಕಟ್ಟುವವನಿದ್ದೆ. ಕೆಳಗೆ ನೋಡಿದರೆ ಆಕ್ಸೆಸರೀಸ್ ಖಾನೆ ಎರಡೂ ಸೊನ್ನೆ! ಹಳೇ ಪಾಲಿಸಿಯಿಂದ ತಾನಾಗೇ ಬಂದಿರಲಿಲ್ಲ. ನೋಡದೇ ಕಟ್ಟಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

2024ರ ಜುಲೈ, ರಾತ್ರಿ ಎರಡು ಗಂಟೆ. ಸುಂಟಿಕೊಪ್ಪದ ನಮ್ಮ ಅಂಗಳ. ಗಾಳಿ ಜೋರಿತ್ತು, ಕರೆಂಟು ಹೋಗಿ ಎರಡು ದಿನ ಆಗಿತ್ತು. ಚಪ್ಪರ ಮಡಚಿರಲಿಲ್ಲ, ತಪ್ಪು ನನ್ನದೇ. ಸಿಲ್ವರ್ ಓಕ್ ಮರದ ಕೊಂಬೆ ಲಟಕ್ಕನೆ ಮುರಿದು ಗಾಡಿಯ ಮೇಲೇ ಬಿತ್ತು. ಬೆಳಕಾದ ಮೇಲೆ ನೋಡಿದರೆ ಪ್ಯಾನಲ್ ಪುಡಿ, ಚಪ್ಪರದ ಬಟ್ಟೆ ಉದ್ದಕ್ಕೂ ಹರಿದಿದೆ, ಒಂದು ತೋಳು ಬಿಲ್ಲಿನ ಹಾಗೆ ಬಾಗಿದೆ. ಕೊಂಬೆ ತೆಗೆಯಲು ಹೊರಟ ಅಪ್ಪನನ್ನು ತಡೆದೆ. ಮೊದಲು ಫೋಟೋ, ಆಮೇಲೆ ಕತ್ತಿ.

ಇಲ್ಲಿ ಕಂಪನಿಯನ್ನು ಹೊಗಳಲೇಬೇಕು. ಆ ಮಳೆಯಲ್ಲೂ ನಷ್ಟ ಅಳೆಯುವ ಸರ್ವೇಯರ್ ಮೈಸೂರಿನಿಂದ ಮೂರನೇ ದಿನ ಬಂದರು. ಐವತ್ತು ದಾಟಿದ ಮನುಷ್ಯ, ಪ್ಯಾಂಟು ಮಡಚಿಕೊಂಡು ಕೆಸರಲ್ಲೇ ಗಾಡಿ ಸುತ್ತಿದರು. ಲಿಸ್ಟ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕಿದರು. ಪ್ಯಾನಲ್ ಬಂತು. ಕ್ಲೇಮಿನಲ್ಲಿ ಬಳಸಿದ ಸಾಮಾನಿನ ಬೆಲೆಯಿಂದ ಒಂದು ಪಾಲು ಕಳೆಯುತ್ತಾರೆ, ಅದೇ ಸವಕಳಿ. ನಾನು ಸ್ವಲ್ಪ ಓದಿಕೊಂಡಿದ್ದೆ.

"ಸರ್, ಗಾಜಿಗೆ ಸವಕಳಿ ಹಿಡಿಯೋ ಹಾಗಿಲ್ಲ ಅಲ್ವಾ? ಇದೂ ಗಾಜೇ."

ಅವರು ನಕ್ಕರು. "ಮುಂದಿನ ಗ್ಲಾಸ್ ಒಡೆದಿದ್ರೆ ಪೂರ್ತಿ ಬರೀತಿದ್ದೆ. ಇದು ಪ್ಯಾನಲ್ಲು. ಗಾಡಿಗೆ ಎರಡು ವರ್ಷ ದಾಟಿದೆ, 15% ಹೋಗುತ್ತೆ."

ಸರಿ. ಆಮೇಲೆ ಚಪ್ಪರ. ಅಲ್ಯುಮಿನಿಯಂ ತೋಳಿಗೂ ಅದೇ 15%. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಇದೇನು, ಕ್ಯಾನ್ವಾಸಾ?" ನಾನು ಹೂಂ ಅಂದೆ. ಬಿಲ್ಲಿನಲ್ಲೂ ಹಾಗೇ ಇತ್ತು. ಹರಿದ ಅಂಚಿನಿಂದ ಒಂದು ಎಳೆ ಕಿತ್ತರು. ಅಪ್ಪನ ಹತ್ತಿರ ಬೆಂಕಿಪೊಟ್ಟಣ ಕೇಳಿದರು. ಮೊದಲ ಎರಡು ಕಡ್ಡಿ ತೇವಕ್ಕೆ ಹತ್ತಲಿಲ್ಲ. ಮೂರನೇದು ಹತ್ತಿತು. ಎಳೆ ಸುರುಟಿ, ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಉಂಡೆ ಆಯಿತು. ಆರಿದ ಮೇಲೆ ಅದನ್ನು ನನ್ನ ಅಂಗೈಗೆ ಹಾಕಿದರು. ಗಟ್ಟಿ ಮಣಿ.

"ಹತ್ತಿ ಆಗಿದ್ರೆ ಬೂದಿ ಆಗ್ತಿತ್ತು. ಇದು ಪ್ಲಾಸ್ಟಿಕ್."

ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಬ್ಯಾಟರಿ, ಇವಕ್ಕೆ ಮೊದಲ ದಿನದಿಂದಲೇ ಅರ್ಧಕ್ಕರ್ಧ ಸವಕಳಿ. 14,000ದ ಬಟ್ಟೆ ನನ್ನ ಕಣ್ಣೆದುರೇ 7,000 ಆಯಿತು. ನನ್ನ ಬೇಜಾರು ನೋಡಿ ಅಪ್ಪ ಒಳಗೆ ಹೋಗಿ ಕಾಫಿ ತಂದರು. ಸರ್ವೇಯರ್ ಎರಡು ಲೋಟ ಕುಡಿದರು.

ಕೊನೆಗೆ ಲೆಕ್ಕ ಹೀಗೆ: ಬಟ್ಟೆಗೆ 7,000, ತೋಳಿಗೆ 5,100, ಪ್ಯಾನಲ್‌ಗೆ 9,350. ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದು 20,450. ಹದಿನೆಂಟು ದಿನಕ್ಕೆ ಖಾತೆಗೆ ಬಂತು. ಆಗಿನವರೆಗೆ ಈ ಸಾಮಾನಿಗೆ ಅಂತ ನಾನು ಕಟ್ಟಿದ್ದೂ ಹೆಚ್ಚುಕಮ್ಮಿ ಅಷ್ಟೇ. ಎರಡು ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡಿದ್ದ 25% ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನ ರಿಯಾಯಿತಿ, ಹೋಯಿತು, ಮುಂದಿನ ರಿನ್ಯೂವಲ್‌ಗೆ ಎರಡೂವರೆ ಸಾವಿರ ಜಾಸ್ತಿ ಕೊಟ್ಟೆ. ಎರಡು ಮೂರು ಸಾವಿರದ ನಷ್ಟಕ್ಕೆಲ್ಲ ಕ್ಲೇಮಿಗೆ ಹೋಗಬೇಡಿ.

ಫ್ರಿಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಹಬ್ಬ ಬಂದರೆ ನಮ್ಮ ಮನೆಯವಳು ಅದನ್ನು ವ್ಯಾನಿನಿಂದ ಇಳಿಸಿ ಅಡುಗೆ ಮನೆಗೆ ಒಯ್ಯುತ್ತಾಳೆ. ಇನ್ಶೂರೆನ್ಸ್ ಇರುವುದು ಸಾಮಾನು ಗಾಡಿಯ ಮೇಲೆ ಇರುವಾಗ ಮಾತ್ರ. ಕಳೆದ ಹುತ್ತರಿಗೆ ಮನೆಯ ವೋಲ್ಟೇಜ್ ಏರಿಳಿತಕ್ಕೆ ಅದರ ಬೋರ್ಡ್ ಸುಟ್ಟಿತು. ವ್ಯಾನಿನಲ್ಲೇ ಇದ್ದು ತಾನಾಗಿ ಕೆಟ್ಟಿದ್ದರೂ ಸಿಗುತ್ತಿರಲಿಲ್ಲ, ಕರೆಂಟಿನ ಕೆಡುಕು ಪಾಲಿಸಿಗೆ ಬರುವುದಿಲ್ಲ. ಒಲೆ, ಪಾತ್ರೆ, ಹಾಸಿಗೆ ಲಿಸ್ಟಿಗೇ ಸೇರುವುದಿಲ್ಲ. ಫ್ರಿಜ್ ರಿಪೇರಿಗೆ 3,800 ಕೊಟ್ಟೆ. ಮನೆಯವಳು ಇನ್ನೂ ಒಯ್ಯುತ್ತಾಳೆ.

ಇಷ್ಟಾದರೂ ಈ ವರ್ಷವೂ ಕಟ್ಟಿದ್ದೇನೆ. ಕರೆಂಟಿನ ಸಾಮಾನಿನ ಬೆಲೆ ಇಳಿಸಿ 55,000 ಹಾಕಿಸಿದೆ, ಹಳೇ ಬೆಲೆಗೆ ಪ್ರೀಮಿಯಂ ಯಾಕೆ ಕಟ್ಟಬೇಕು? ಚಪ್ಪರದ ಬಿಲ್ಲಲ್ಲಿ ಈಗ ಬಟ್ಟೆ ಬೇರೆ, ತೋಳು ಬೇರೆ ಬರೆಸಿದ್ದೇನೆ. ಬಟ್ಟೆ ತರಲು ಕುಶಾಲನಗರಕ್ಕೆ ಹೋದಾಗ ನಿಜವಾದ ಹತ್ತಿ ಕ್ಯಾನ್ವಾಸ್ ಕೇಳಿದೆ. ಅಂಗಡಿಯವರು ಒಂದು ತಾನು ಬಿಚ್ಚಿ ತೋರಿಸಿದರು. ಅಂಚಿನಿಂದ ಒಂದು ಎಳೆ ಕೇಳಿ ತಗೊಂಡು, ಹೊರಗೆ ಹೋಗಿ ಕಡ್ಡಿ ಗೀರಿದೆ. ಬೂದಿ ಆಯಿತು. ಖುಷಿಯಿಂದ ಒಳಗೆ ಬಂದೆ.

"ನಿಮ್ಮದು ಯಾವ ಊರು ಸರ್?" ಅಂದರು.

"ಸುಂಟಿಕೊಪ್ಪ."

"ಹಾಗಾದ್ರೆ ಇದು ಬೇಡ. ಆಟಿ ತಿಂಗಳ ಮಳೆ ಮುಗಿಯೋದ್ರೊಳಗೆ ಬೂಷ್ಟು ಹಿಡಿದು ಲಡ್ಡಾಗುತ್ತೆ."

ಮತ್ತೆ ಪ್ಲಾಸ್ಟಿಕ್ಕೇ ತಂದೆ.