ಮಂಗಳೂರಲ್ಲಿ ಪೂಲಿಗೆ ‘ವಿಂಟರ್ ಪ್ಯಾಕೇಜ್’ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಮನೆಯಲ್ಲಿ ಈಜುಕೊಳ ಇರುವವರು ದಯವಿಟ್ಟು ಪೂರ್ತಿ ಓದಿ. ನನ್ನ 42 ಸಾವಿರ ಹೋಗಿ ಆಯ್ತು, ನಿಮ್ಮದಾದರೂ ಉಳಿಯಲಿ.

ದೀಪಾವಳಿ ಮುಗಿದ ಮೇಲಿನ ವಾರ ಪೂಲ್ ಸರ್ವಿಸಿನವ ಬಂದ. ಎರಡು ವರ್ಷದಿಂದ ಕ್ಲೋರಿನ್ ಹಾಕಿ ಹೋಗುತ್ತಿದ್ದ ಜನ, ಹಾಗಾಗಿ ನಂಬಿದೆ. “ಸರ್, ಚಳಿಗಾಲಕ್ಕೆ ಪೂಲ್ ಕ್ಲೋಸ್ ಮಾಡಬೇಕು, ಇಲ್ಲದಿದ್ರೆ ಒಳಗಿನ ಪೈಪ್ ಒಡೀತದೆ. ಮತ್ತೆ ಟೈಲ್ಸ್ ಕಿತ್ತೇ ರಿಪೇರಿ.” ಟೈಲ್ಸ್ ಕೀಳುವ ಮಾತಿಗೇ ಹೆದರಿದೆ. ಪೂಲ್ ಕಟ್ಟಿಸುವಾಗ ಮುರಕಲ್ಲು ಒಡೆಸಿ ಒಡೆಸಿ ಸಾಕಾಗಿತ್ತು.

ಇಬ್ಬರು ಬಂದರು. ನೀರು ಒಂದೂವರೆ ಅಡಿ ಇಳಿಸಿದರು, ಕಂಪ್ರೆಸರ್ ಇಟ್ಟು ಪೈಪಿಗೆ ಗಾಳಿ ಊದಿದರು, ಗುಲಾಬಿ ಬಣ್ಣದ್ದೇನೋ ಸುರಿದು ರಬ್ಬರ್ ಬಿರಡೆ ಬಿಗಿದರು. ಮೇಲೆ ನೀಲಿ ಟಾರ್ಪಾಲ್. “ಮಾರ್ಚ್ ತನಕ ಮುಟ್ಟಬೇಡಿ.” ಬಿಲ್ ಕೇಳಿದ್ದಕ್ಕೆ, ಕಳಿಸ್ತೇನೆ ಸರ್ ಅಂದ. ಇವತ್ತಿಗೂ ಬಂದಿಲ್ಲ.

ಹದಿನೈದು ದಿನಕ್ಕೆ ವಾಸನೆ ಶುರು. ನಡುವೆ ಒಂದು ಅಕಾಲದ ಮಳೆ ಬೇರೆ. ಟಾರ್ಪಾಲಿನ ಹೊಂಡದಲ್ಲಿ ಮಾವಿನ ಎಲೆ, ಕಂದು ನೀರು, ಅದರಲ್ಲಿ ಕುಣಿಯುವ ಸೊಳ್ಳೆಮರಿ. ಅದನ್ನು ಮೊದಲು ನೋಡಿದ್ದು ನಾನಲ್ಲ, ಲಾರ್ವಾ ಸರ್ವೆಗೆ ಬಂದ ಆರೋಗ್ಯ ಕಾರ್ಯಕರ್ತೆ. “ಮಲೇರಿಯಾ ಇರುವ ಊರಲ್ಲಿ ಇಷ್ಟು ನೀರು ಹೀಗೆ ಇಟ್ಟದ್ದಾ?” ಪಕ್ಕದ ಮನೆಯವರು ಗೇಟಿನ ಹತ್ತಿರವೇ ನಿಂತಿದ್ದರು. ಅವರ ಮನೆಯಲ್ಲಿ ಆರು ತಿಂಗಳ ಮಗು ಉಂಟು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ರಾತ್ರಿ ಟಾರ್ಪಾಲ್ ಸರಿಸಿದೆ. ಅಡಿ ಕಾಣದಷ್ಟು ಹಸಿರು. ಪಂಪ್ ರೂಮಿನಲ್ಲಿ ಅವರು ಬಿಟ್ಟುಹೋದ ಕ್ಯಾನ್ ಇತ್ತು, ಮೊಬೈಲ್ ಟಾರ್ಚ್ ಹಾಕಿ ಲೇಬಲ್ ಓದಿದೆ. ಆಂಟಿಫ್ರೀಝ್. ಪೈಪಿನ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ! ಕೆನಡಾದಲ್ಲಿರುವ ತಂಗಿಗೆ ಫೋಟೋ ಕಳಿಸಿದೆ. “ಅಣ್ಣಾ, ಇದು ನಾವು ಹಾಕುವುದು. ಇಲ್ಲಿ ನೀರು ಮಂಜುಗಡ್ಡೆಯಾಗಿ ಉಬ್ಬಿ ಪೈಪ್ ಒಡೀತದೆ. ಅಲ್ಲಿ ಎಂತಕ್ಕೆ?” ಎಂತಕ್ಕೆ! ಮಂಗಳೂರಲ್ಲಿ ಡಿಸೆಂಬರ್ ಮಧ್ಯಾಹ್ನ 32 ಡಿಗ್ರಿ, ರಾತ್ರಿ 20ರ ಆಸುಪಾಸು. ಇಲ್ಲಿ ಯಾವ ಪೈಪ್ ಹೆಪ್ಪುಗಟ್ಟುತ್ತದೆ? ಅಲ್ಲಿಯ ಕೊರೆಯುವ ನೀರಲ್ಲಿ ಪಾಚಿ ಬೆಳೆಯುವುದು ತೀರಾ ಕಡಿಮೆ, ಪಂಪ್ ನಿಲ್ಲಿಸಿದರೂ ನಡೆಯುತ್ತದೆ. ನಮ್ಮ ಸೆಖೆಗೆ ಪಂಪ್ ನಿಂತರೆ ಕೆಲವೇ ದಿನದಲ್ಲಿ ನೀರು ಹಾಳು. ನಾನು ದುಡ್ಡು ಕೊಟ್ಟು ಪಾಚಿ ಬೆಳೆಸಿದೆ.

ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಉತ್ತರ: “ಕೆಮಿಕಲ್ ಸೆಟ್ ಆಗ್ಲಿಕ್ಕೆ ಟೈಮ್ ಬೇಕು ಸರ್.” ಎರಡು ದಿನ ಬಿಟ್ಟು: “ಗ್ಯಾರಂಟಿ ಪೈಪಿಗೆ, ನೀರಿಗಲ್ಲ. ಪೈಪ್ ಒಡೆದಿದೆಯಾ ಹೇಳಿ.” ದುಡ್ಡು ವಾಪಸ್ ಕೇಳಿದ್ದಕ್ಕೆ: “ನೀವೇ ಓಕೆ ಹೇಳಿದ್ದಲ್ವಾ?” ಈ ಕೊನೆಯ ಮಾತು ಈಗಲೂ ಚುಚ್ಚುತ್ತದೆ, ಯಾಕೆಂದರೆ ಓಕೆ ಹೇಳಿದ್ದು ನಾನೇ.

ನಮ್ಮ ಕರಾವಳಿಯಲ್ಲಿ ಚಳಿಗಾಲಕ್ಕೆ ಪೂಲ್ ಮುಚ್ಚುವ ಕೆಲಸವೇ ಇಲ್ಲ. ದಿನಾ ಪಂಪ್ ಓಡಿಸಿ, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.6 ಇರಲಿ, ಎಲೆ ತೆಗೆಯಿರಿ, ಅಷ್ಟೇ. ಮಳೆಗಾಲದಲ್ಲಿ ಪೂಲ್ ಪೂರ್ತಿ ಖಾಲಿ ಮಾಡಿಸುತ್ತೇನೆ ಅಂದವನನ್ನಂತೂ ಒಳಗೇ ಬಿಡಬೇಡಿ, ನೆಲದಡಿಯ ನೀರು ಒತ್ತಿ ತೊಟ್ಟಿಯೇ ಮೇಲೇಳಬಹುದು. ಕ್ಯಾನಿನ ಲೇಬಲ್ ಸುರಿಯುವ ಮೊದಲೇ ಓದಿ. ನಾನು ಓದಿದ್ದು ಆಮೇಲೆ.

ನಿನ್ನೆ ಬೇರೆಯವರನ್ನು ಕರೆಸಿ ಬಿರಡೆ ತೆಗೆಸಿದೆ. ಒಂದು ಬಿರಡೆ ಇನ್ನೂ ಪೈಪಿನೊಳಗೇ ಸಿಕ್ಕಿಕೊಂಡಿದೆ.