ಬೆಂಗಳೂರಿನ ಎಲೆಕ್ಟ್ರಿಕ್ ಸಿಟಿ ಬಸ್ಸು: ಹೊಗೆ ಹೋಯ್ತು, ಕರೆಂಟ್ ಎಲ್ಲಿಂದ ಬರ್ತಿದೆ?

ಯಲಹಂಕದ ಕಡೆಯಿಂದ ಮೆಜೆಸ್ಟಿಕ್‌ಗೆ ಬಹಳ ದಿನಗಳಿಂದ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. 12 ಮೀಟರ್ ಉದ್ದದ ಈ ನಾನ್-ಎಸಿ ಬಸ್ಸುಗಳು 2022ರಲ್ಲಿ ರಸ್ತೆಗಿಳಿದವು. ಟಿಕೆಟ್ ಮಾಮೂಲಿ ಬಸ್ಸಿನಷ್ಟೇ. ಹೆಂಗಸರಿಗೆ ಶಕ್ತಿ ಯೋಜನೆಯೂ ಇದೆ. ದುಡ್ಡಿನ ವಿಚಾರ ಅಲ್ಲಿಗೆ ಮುಗಿಯಿತು.

ಹತ್ತಿದ ಕೂಡಲೇ ಗೊತ್ತಾಗೋದು ಸದ್ದು. ಹೆಬ್ಬಾಳದಲ್ಲಿ ಟ್ರಾಫಿಕ್ ನಿಂತಾಗ ಹಳೇ ಡೀಸೆಲ್ ಬಸ್ಸಿನ ಕಿಟಕಿ ಗಾಜು ಗಡಗಡ ಅನ್ನುತ್ತದೆ, ಕಂಬಿ ಹಿಡಿದ ಕೈಗೂ ನಡುಕ. ಇದರಲ್ಲಿ ಅದು ಯಾವುದೂ ಇಲ್ಲ. ಕಂಡಕ್ಟರ್ ಮುಂದೆ ನಿಂತು ಸ್ಟಾಪ್ ಹೆಸರು ಹೇಳಿದರೆ ಹಿಂದಿನ ಸೀಟಿಗೂ ಕೇಳಿಸುತ್ತದೆ. ಬಸ್ಸಿನ ವೇಗ ಇಳಿಸುವಾಗ ಮೋಟಾರೇ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಹೆಜ್ಜೆಗೊಂದು ಕಡೆ ನಿಲ್ಲುವ ಸಿಟಿ ಬಸ್ಸಿಗೆ ಇದು ತುಂಬಾ ಒಳ್ಳೆಯ ಏರ್ಪಾಡು. ಬ್ರೇಕ್ ಸವೆದು ಏಳುವ ದೂಳೂ ಕಡಿಮೆ. ಟೈರಿನ ದೂಳು ಮಾತ್ರ ಹಾಗೇ ಇದೆ.

ಒಳಗೆ ಕೂತವರಿಗಿಂತ ಹೊರಗೆ ನಿಂತವರಿಗೇ ಈ ಬಸ್ಸಿನಿಂದ ಜಾಸ್ತಿ ಲಾಭ. ಸ್ಟಾಪ್ ಪಕ್ಕದಲ್ಲಿ ಹೂ ಮಾರುವವರು, ಟ್ರಾಫಿಕ್ ಪೊಲೀಸರು, ಬೈಕಿನಲ್ಲಿ ಮಗು ಕೂರಿಸಿಕೊಂಡು ಬಸ್ಸಿನ ಹಿಂದೆ ಸಿಕ್ಕಿಕೊಂಡವರು, ಹೊಗೆ ಕುಡಿಯೋದು ಇವರೇ ಅಲ್ವಾ? 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್‌ನ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 50 ಭಾಗ) 10ಕ್ಕೆ ಇಳಿಯಿತು. ಹೊಸ ಡೀಸೆಲ್ ಬಸ್ಸುಗಳು ಮೊದಲಿನಷ್ಟು ಹೊಗೆ ಕಾರುವುದಿಲ್ಲ, ಒಪ್ಪುತ್ತೇನೆ. ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಪಟ್ಟು ಹಿಡಿದಿದ್ದರಿಂದ 2002ರ ಕೊನೆಯ ಹೊತ್ತಿಗೆ ಸಿಟಿ ಬಸ್ಸುಗಳು ಸಿಎನ್‌ಜಿಗೆ ಬದಲಾದವು, ಕರೀ ಹೊಗೆ ಇಳಿಯಿತು. ಆದರೂ ಎರಡರಲ್ಲೂ ಸೈಲೆನ್ಸರ್ ಇದೆ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಸೈಲೆನ್ಸರೇ ಇಲ್ಲ.

ಇನ್ನು ಇಂಗಾಲದ ಲೆಕ್ಕ. ಇಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 4 ಕಿಲೋಮೀಟರ್ ಅಂತ ಹಿಡಿದರೆ ಕಿಲೋಮೀಟರಿಗೆ ಮುಕ್ಕಾಲು ಕೆಜಿಗೂ ಕಡಿಮೆ. ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಬೇಕು. ಆ ಯೂನಿಟ್ ಪೂರ್ತಿ ಕಲ್ಲಿದ್ದಲಿನದ್ದಾದರೆ ಅದಕ್ಕೇ ಒಂದು ಕೆಜಿ ಹತ್ತಿರ ಆಗುತ್ತದೆ! ಅಂದರೆ ಡೀಸೆಲ್‌ಗಿಂತ ಜಾಸ್ತಿ. ಅದೇ ಯೂನಿಟ್ ಪಾವಗಡದ ಬಿಸಿಲಿಂದಲೋ ಶರಾವತಿ ನೀರಿಂದಲೋ ಬಂದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಹಾಗಾಗಿ ಬಸ್ಸನ್ನು ಯಾವ ಹೊತ್ತಲ್ಲಿ ಚಾರ್ಜ್‌ಗೆ ಹಾಕುತ್ತಾರೆ ಅನ್ನೋದು ದೊಡ್ಡ ವಿಷಯ. ರಾತ್ರಿ ಡಿಪೋದಲ್ಲಿ ಚಾರ್ಜ್ ಮಾಡೋದು ಸುಲಭ, ಆದರೆ ರಾತ್ರಿ ಸೋಲಾರ್ ಕರೆಂಟ್ ಹುಟ್ಟುವುದಿಲ್ಲ. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ರಶ್ ಕಡಿಮೆ, ಬಿಸಿಲು ಜಾಸ್ತಿ. ಆ ಹೊತ್ತಲ್ಲಿ ಸರದಿ ಮೇಲೆ ಬಸ್ ನಿಲ್ಲಿಸಿ ಚಾರ್ಜ್ ಮಾಡುವಷ್ಟು ಚಾರ್ಜರ್‌ಗಳು ದೊಡ್ಡ ನಿಲ್ದಾಣಗಳಲ್ಲೇ ಇರಬೇಕು.

ಇನ್ನೊಂದು ಎಚ್ಚರಿಕೆ. ಸದ್ದಿಲ್ಲದ ಬಸ್ಸು ಹಿಂದೆ ಬಂದರೂ ಗೊತ್ತಾಗೋದಿಲ್ಲ. ಫೋನ್ ನೋಡಿಕೊಂಡು ರಸ್ತೆ ದಾಟಬೇಡಿ.

ನನ್ನ ಅಂಕ ಐದಕ್ಕೆ ನಾಲ್ಕು. ಮಧ್ಯಾಹ್ನದ ಚಾರ್ಜಿಂಗ್ ಬಂದ ದಿನ ಉಳಿದ ಒಂದನ್ನೂ ಕೊಡುತ್ತೇನೆ.